ಡಬ್ಲಿನ್ ನಗರದ ಮಳೆಯಲ್ಲಿ

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಹೊರಟವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಕೊಡೆ ಮರೆಯಬೇಡಿ. ನಾನು ಮರೆತಿರಲಿಲ್ಲ. ಆದರೆ ಅಲ್ಲಿಯ ಗಾಳಿಗೆ ಮೊದಲ ದಿನವೇ ಅದರ ಕಡ್ಡಿ ಮುರಿಯಿತು! ನಿಜ ಹೇಳಬೇಕೆಂದರೆ ಅಲ್ಲಿ ವರ್ಷವಿಡೀ ಬೀಳುವುದು ಸುಮಾರು 750 ಮಿಲಿಮೀಟರ್ ಮಳೆ. ನಮ್ಮ ಕಾಸರಗೋಡಿನಲ್ಲಿ 3,000ಕ್ಕೂ ಹೆಚ್ಚು. ನಮ್ಮದು ಧೋ ಎಂದು ಸುರಿದು ಹೋಗುವ ಮಳೆ. ಅವರದು ಬಂದು ಕುಳಿತ ನೆಂಟನ ಹಾಗೆ ಏಳುವುದೇ ಇಲ್ಲ.

ಅಲ್ಲಿ ದಾದಿಯಾಗಿರುವ ನಮ್ಮ ಕಡೆಯ ಹೆಣ್ಣುಮಗಳೊಬ್ಬರು ರಜೆ ಹಾಕಿ ನನ್ನನ್ನು ಊರು ಸುತ್ತಿಸಿದರು. ಅದು ಜುಲೈ ತಿಂಗಳು. ಟ್ರಿನಿಟಿ ಕಾಲೇಜಿನಲ್ಲಿ 'ಬುಕ್ ಆಫ್ ಕೆಲ್ಸ್' ನೋಡಿದೆವು. ಸುಮಾರು ಕ್ರಿ.ಶ. 800ರಲ್ಲಿ ಸನ್ಯಾಸಿಗಳು ಕರುವಿನ ಚರ್ಮದ ಮೇಲೆ ಬರೆದು ಚಿತ್ರಿಸಿದ ನಾಲ್ಕು ಶುಭಸಂದೇಶಗಳು, 340 ಹಾಳೆಗಳು. ಗಾಜಿನೊಳಗೆ ತೆರೆದಿಟ್ಟದ್ದು ಎರಡೇ ಪುಟ. ಹಿಂದಿನವರ ನೂಕಾಟದಲ್ಲಿ ಅದನ್ನೂ ಕಣ್ತುಂಬ ನೋಡಲಾಗಲಿಲ್ಲ. ಸಂತ ಪ್ಯಾಟ್ರಿಕರ ಕೆಥೆಡ್ರಲ್‌ನಲ್ಲಿ 'ಗಲಿವರನ ಪ್ರವಾಸ' ಬರೆದ ಜೊನಾಥನ್ ಸ್ವಿಫ್ಟ್‌ರ ಸಮಾಧಿಯಿದೆ. 1713ರಿಂದ 1745ರವರೆಗೆ ಅವರು ಅಲ್ಲಿಯ ಡೀನ್ ಆಗಿದ್ದರು.

ಇವೆಲ್ಲ ನೋಡಲೇಬೇಕಾದ ಸ್ಥಳಗಳು. ಆದರೆ ನನ್ನ ಮನಸ್ಸು ನಿಂತದ್ದು ಲಿಫಿ ನದಿಯ ದಂಡೆಯಲ್ಲಿ, 1791ರಲ್ಲಿ ಪೂರ್ಣಗೊಂಡ ಕಸ್ಟಮ್ ಹೌಸ್‌ನ ಆಚೆ. ಅಲ್ಲಿ ಕಾಲುದಾರಿಯಲ್ಲೇ, ಪೀಠವೂ ಇಲ್ಲದೆ, ಕೆಲವು ಬಡಕಲು ಮನುಷ್ಯರು ನಿಂತಿದ್ದಾರೆ. ಶಿಲ್ಪಿ ರೋವನ್ ಗಿಲೆಸ್ಪಿಯವರ ಕಂಚಿನ ಪ್ರತಿಮೆಗಳು, 1997ರಲ್ಲಿ ಸ್ಥಾಪಿಸಿದ್ದು. ಒಬ್ಬನ ಹೆಗಲ ಮೇಲೆ ನಿತ್ರಾಣಗೊಂಡ ಮಗು. ಹಿಂದೆ ಒಂದು ನಾಯಿ. ಎಲ್ಲರೂ ಹಡಗು ಹತ್ತಲು ಹೊರಟವರು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಂತು. ತಂಪು, ತೇವದ ಹವೆಯಲ್ಲಿ ಅದು ಹೊಲದಿಂದ ಹೊಲಕ್ಕೆ ಹರಡಿತು. ಬಡವರಿಗೆ ಆಲೂಗಡ್ಡೆಯೇ ಮೂರು ಹೊತ್ತಿನ ಊಟ. ಅದು ಕೊಳೆತಾಗ ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. ಮತ್ತಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಅದೇ ದೇಶದಿಂದ ಧಾನ್ಯ ಇಂಗ್ಲೆಂಡಿಗೆ ರಫ್ತಾಗುತ್ತಿತ್ತು ಎಂಬುದನ್ನು ಐರಿಷರು ಇನ್ನೂ ಮರೆತಿಲ್ಲ. ಮರೆಯಬೇಕೆಂದು ಹೇಳಲು ನಾನು ಯಾರು? ಆ ದ್ವೀಪದ ಜನಸಂಖ್ಯೆ ಇಂದಿಗೂ 1841ರ ಮಟ್ಟ ಮುಟ್ಟಿಲ್ಲ.

"ಫಾದರ್, ಇದು ನಮ್ಮ ಅಡಿಕೆಯ ಕೊಳೆರೋಗದ ಹಾಗೆಯೇ ಅಲ್ಲವೇ?" ಎಂದರು ಆಕೆ.

ಹಾಗೆಯೇ ಏನು, ಎರಡೂ ರೋಗ ತರುವುದು ಫೈಟಾಫ್ತೋರ ಎಂಬ ಒಂದೇ ಕುಲದ ಸೂಕ್ಷ್ಮಜೀವಿಗಳು. ನಾವು ಮೈಲುತುತ್ತು, ಸುಣ್ಣ ಸೇರಿಸಿ ಅಡಿಕೆಗೆ ಬಿಡುವ ಬೋರ್ಡೋ ಮದ್ದು ಫ್ರಾನ್ಸಿನಲ್ಲಿ ಬೆಳಕಿಗೆ ಬಂದದ್ದು 1885ರಲ್ಲಿ. ಐರಿಷರ ಪಾಲಿಗೆ 40 ವರ್ಷ ತಡವಾಯಿತು.

ಆಕೆ ಮಗು ಹೊತ್ತವನ ಮುಂದೆ ತುಂಬ ಹೊತ್ತು ನಿಂತರು. ಊರಿನಲ್ಲಿ ತಂದೆಗೆ ಎಪ್ಪತ್ತು ದಾಟಿದೆ. ಎರಡನೆಯ ಮದ್ದಿಗೆ ಮರ ಹತ್ತುವವರು ಸಿಕ್ಕಿರಲಿಲ್ಲ; ಸಿಕ್ಕ ದಿನ ಮಳೆ ಬಿಟ್ಟಿರಲಿಲ್ಲ. ಈ ವಿಷಯ ಅವರು ನನಗೆ ಹೇಳಿದ್ದು ಆಗಲೇ. ಅಲ್ಲಿ ಮಧ್ಯಾಹ್ನ ಮೂರು, ಊರಿನಲ್ಲಿ ರಾತ್ರಿ ಏಳೂವರೆ. ಪ್ರತಿಮೆಗಳ ಪಕ್ಕದಲ್ಲೇ, ನನ್ನ ಮುರಿದ ಕೊಡೆಯ ಕೆಳಗೆ ನಿಂತು ಮನೆಗೆ ಫೋನ್ ಮಾಡಿದರು.

"ಪಪ್ಪಾ, ಅಲ್ಲಿ ಮಳೆ ಬಿಟ್ಟಿತಾ?"

ಬಿಟ್ಟಿರಲಿಲ್ಲ.