ನೋವು ಹೋದ ಮೇಲಿನ ಮೂರು ತಿಂಗಳು

ಮಧುಗಿರಿಯ ಸಮೀಪದ ಹಳ್ಳಿಯಲ್ಲಿರುವ ನಮ್ಮ ಸೋದರಮಾವನವರು ಬಿದ್ದುಹೋಗಿದ್ದ ಒಂದು ದವಡೆಹಲ್ಲಿನ ಸ್ಥಾನದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡರು. ಮೂರು ತಿಂಗಳ ಕಾಲ ಆ ಪಕ್ಕದಿಂದ ಗಟ್ಟಿ ಪದಾರ್ಥವನ್ನು ಅಗಿಯಕೂಡದೆಂದು ವೈದ್ಯರು ಎಚ್ಚರಿಸಿದ್ದರು. ವಾರ ಕಳೆಯುವಷ್ಟರಲ್ಲಿ ಬಾವು ಇಳಿಯಿತು, ನೋವೂ ಹೋಯಿತು. ಮೂರನೆಯ ವಾರದಲ್ಲಿ ಹೊಲದಿಂದ ಕಡಲೆಕಾಯಿ ಬಂದಿತು. “ನೋವೇ ಇಲ್ಲವಲ್ಲಪ್ಪ, ಇನ್ನೇತರ ಪಥ್ಯ?” ಎಂದು ಹೇಳಿ ಮಾವನವರು ಹುರಿದ ಬೀಜಗಳನ್ನು ಅಗಿಯತೊಡಗಿದರು. ಆರನೆಯ ವಾರಕ್ಕೆ ಇಂಪ್ಲಾಂಟ್ ಅಲುಗಾಡಲಾರಂಭಿಸಿತು. ಅದನ್ನು ತೆಗೆಯದೆ ಗತ್ಯಂತರವಿರಲಿಲ್ಲ. ಬೇರೆ ಕಾರಣಗಳೂ ಇರಬಹುದಾದರೂ ಅಗಿತದ ಒತ್ತಡವೇ ಮುಖ್ಯವೆಂಬುದು ವೈದ್ಯರ ಅಭಿಪ್ರಾಯ. ನೋವು ಹೋದ ಮೇಲೂ ಇಷ್ಟು ಎಚ್ಚರಿಕೆ ಏಕೆ? ಇದನ್ನು ಸ್ವಲ್ಪ ಪರಿಶೀಲಿಸೋಣ.

ಇಂಪ್ಲಾಂಟ್ ಎಂಬುದು ಸಾಮಾನ್ಯವಾಗಿ ಟೈಟಾನಿಯಂ ಲೋಹದ ಒಂದು ಸಣ್ಣ ತಿರುಪು. ದವಡೆಯ ಮೂಳೆಯಲ್ಲಿ ರಂಧ್ರ ಕೊರೆದು ಅದನ್ನು ಕೂರಿಸುತ್ತಾರೆ. 1952ರಲ್ಲಿ ಸ್ವೀಡನ್ನಿನ ಪೇರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ, ಮೊಲದ ಮೂಳೆಯಲ್ಲಿ ರಕ್ತಸಂಚಾರವನ್ನು ನೋಡಲು ಟೈಟಾನಿಯಂ ಉಪಕರಣವೊಂದನ್ನು ಅಳವಡಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಕೀಳಹೋದರೆ ಅದು ಬರಲೇ ಇಲ್ಲ. ಮೂಳೆಯು ಲೋಹಕ್ಕೆ ಬೆಸೆದುಕೊಂಡಿತ್ತು! ಗಾಳಿ ಸೋಕಿದೊಡನೆ ಟೈಟಾನಿಯಂ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಉಂಟಾಗುತ್ತದೆ. ಈ ಪೊರೆಯ ದೆಸೆಯಿಂದ ಲೋಹವು ದೇಹದ್ರವಗಳಲ್ಲಿ ಕೊರೆದುಹೋಗುವುದಿಲ್ಲ. ಜೀವಕೋಶಗಳೂ ಅದನ್ನು ದೂರವಿಡುವುದಿಲ್ಲ. 1965ರಲ್ಲಿ ಬ್ರೋನೆಮಾರ್ಕರು ಈ ತತ್ತ್ವವನ್ನು ಮನುಷ್ಯನ ದವಡೆಗೆ ಮೊದಲಬಾರಿಗೆ ಅನ್ವಯಿಸಿದರು.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ರೋಗಿಗೆ ಮೊದಲ ದಿನ ರಕ್ತದ ಹೆಪ್ಪನ್ನು ಕಾಪಾಡುವುದೇ ಮುಖ್ಯ ಕಾರ್ಯ. ಗಾಯವನ್ನು ಮುಚ್ಚಿರುವ ಈ ಹೆಪ್ಪಿನ ಆಸರೆಯಲ್ಲಿಯೇ ಹೊಸ ಅಂಗಾಂಶ ಬೆಳೆಯಬೇಕು. ಆದುದರಿಂದಲೇ ಎಳನೀರನ್ನಾದರೂ ಸ್ಟ್ರಾ ಇಟ್ಟು ಹೀರಬಾರದು. ನಾವು ಹೀರುವಾಗ ಬಾಯಿಯೊಳಗಿನ ಒತ್ತಡ ಕಡಿಮೆಯಾಗಿ, ಹೊರಗಿನ ವಾಯುವಿನ ಒತ್ತಡವು ನೀರನ್ನು ಮೇಲಕ್ಕೆ ತಳ್ಳುತ್ತದೆ. ನೀರು 10 ಸೆಂಟಿಮೀಟರು ಏರಬೇಕಾದರೆ ಒಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 10 ಗ್ರಾಂ ತೂಕದಷ್ಟು ಇಳಿಯಬೇಕು. ಇನ್ನೂ ಬಿಗಿಯದ ಹೆಪ್ಪನ್ನು ಈ ಸೆಳೆತ ಕದಲಿಸಬಹುದು. ರಭಸದಿಂದ ಉಗುಳುವುದೂ ಬಾಯಿ ಮುಕ್ಕಳಿಸುವುದೂ ಇದೇ ಕಾರಣದಿಂದ ನಿಷಿದ್ಧ.

ಕೆನ್ನೆಯ ಮೇಲೆ ಮಂಜುಗಡ್ಡೆ ಇಡುವುದು ಏತಕ್ಕೆ? ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು. ತಣ್ಣೀರಿನ ಬಟ್ಟೆಗಿಂತ ಅದು ಬಹಳ ಹೆಚ್ಚು ಶಾಖವನ್ನು ಹೀರಬಲ್ಲುದು. ತಂಪಿಗೆ ರಕ್ತನಾಳಗಳು ಸಂಕುಚಿಸಿ ಬಾವು ಹತೋಟಿಯಲ್ಲಿರುತ್ತದೆ. ಮಂಜನ್ನು ಬಟ್ಟೆಯಲ್ಲಿ ಸುತ್ತಿ, ಹದಿನೈದು ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡುವು ಕೊಡಬೇಕು. ಮಲಗುವಾಗ ತಲೆಯನ್ನು ಎರಡು ದಿಂಬುಗಳಿಂದ ಎತ್ತರಿಸಬೇಕು. ಹೃದಯದ ಮಟ್ಟಕ್ಕಿಂತ 20 ಸೆಂಟಿಮೀಟರು ಮೇಲಿದ್ದರೆ ಗಾಯದ ಬಳಿ ರಕ್ತದ ಒತ್ತಡ ಸುಮಾರು 15 ಮಿಲಿಮೀಟರು ಪಾದರಸದಷ್ಟು ಕಡಿಮೆಯಾಗುವುದು. ಇಷ್ಟಾದರೂ ಎರಡನೆಯ, ಮೂರನೆಯ ದಿನ ಬಾವು ಹೆಚ್ಚುವುದು ಸಹಜ, ಅದಕ್ಕೆ ಗಾಬರಿಪಡಬೇಕಾಗಿಲ್ಲ.

ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಬಹುದು. ದೊಡ್ಡ ಲೋಟದ ನೀರಿಗೆ ಅರ್ಧ ಚಮಚ ಉಪ್ಪು ಸಾಕು. ಅದು ಸುಮಾರು ಶೇಕಡ 1ರ ದ್ರಾವಣವಾಗುತ್ತದೆ. ದೇಹದ್ರವಗಳ ಸಾಂದ್ರತೆಗೆ ಸಮೀಪವಾದುದರಿಂದ ಕೋಶಗಳಿಗೆ ಉರಿಯಾಗದು. ಉಪ್ಪು ಅತಿಯಾದರೆ ಪರಾಸರಣದ ನಿಯಮದಂತೆ ಕೋಶಗಳಿಂದಲೇ ನೀರು ಹೊರಬೀಳುತ್ತದೆ.

ಆಹಾರದ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ಮೊದಲ ದಿನಗಳಲ್ಲಿ ತಣ್ಣನೆಯ ರಾಗಿ ಅಂಬಲಿ, ಮಜ್ಜಿಗೆ. ತರುವಾಯ ಆರಿದ ಮುದ್ದೆ, ಖಾರವಿಲ್ಲದ ಸಾರು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ! ಆದರೆ ಎಲೆ-ಅಡಿಕೆ, ಹೊಗೆಸೊಪ್ಪು, ಬೀಡಿಗಳನ್ನು ಬಿಡಲೇಬೇಕು. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸುತ್ತದೆ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಾಲು ಬಲವಾಗಿ ಹೀಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬೆಳೆಯಬೇಕಾದ ಮೂಳೆಗೆ ಉಸಿರೇ ಇಲ್ಲದಂತಾಗುತ್ತದೆ.

ಈಗ ಮಾವನವರ ಕಡಲೆಕಾಯಿಗೆ ಬರೋಣ. ಮೊದಲ ದಿನ ತಿರುಪು ಬಿಗಿಯಾಗಿರುವುದು ಗೋಡೆಗೆ ಹೊಡೆದ ಮೊಳೆಯಂತೆ, ಕೇವಲ ಘರ್ಷಣೆಯಿಂದ. ಆಮೇಲೆ ದೇಹವು ರಂಧ್ರದ ಅಂಚಿನ ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟತೊಡಗುತ್ತದೆ. ಹಳೆಯ ಬಿಗಿ ಸಡಿಲವಾಗುತ್ತದೆ, ಹೊಸ ಬಿಗಿ ಇನ್ನೂ ಬಂದಿರುವುದಿಲ್ಲ. ಮೂರನೆಯ, ನಾಲ್ಕನೆಯ ವಾರಗಳ ಸುಮಾರಿಗೆ ಇಂಪ್ಲಾಂಟ್ ಅತ್ಯಂತ ದುರ್ಬಲವಾಗಿರುತ್ತದೆ. ರೋಗಿಗೆ ನೋವು ಪೂರ್ತಿ ಮರೆತುಹೋಗಿರುವ ಕಾಲವೂ ಅದೇ! ಆಗ ತಿರುಪು ಒಂದು ಮಿಲಿಮೀಟರಿನ ಏಳೆಂಟನೆಯ ಒಂದು ಪಾಲಿಗಿಂತ ಹೆಚ್ಚಾಗಿ ಪದೇ ಪದೇ ಅಲುಗಿದರೆ ಅದರ ಸುತ್ತ ಮೂಳೆಗೆ ಬದಲಾಗಿ ನಾರಿನಂಥ ಅಂಗಾಂಶ ಬೆಳೆಯುವ ಸಂಭವವಿದೆ. ಮಾವಿನ ಕಸಿ ಕಟ್ಟಿದವರಿಗೆ ಇದು ತಿಳಿದ ಸಂಗತಿ: ಕಟ್ಟು ಅಲುಗಿದರೆ ಕಸಿ ಕೂಡುವುದಿಲ್ಲ. ಕೆಳದವಡೆಗೆ ಸುಮಾರು ಮೂರು ತಿಂಗಳು ಬೇಕು. ಮೇಲ್ದವಡೆಯ ಮೂಳೆ ಹೆಚ್ಚು ಸರಂಧ್ರವಾದುದರಿಂದ ಆರು ತಿಂಗಳವರೆಗೂ ಬೇಕಾಗುವುದುಂಟು.

ಹತ್ತಿಯನ್ನು ಕಚ್ಚಿ ಒತ್ತಿದರೂ ನಿಲ್ಲದ ರಕ್ತ, ಮೂರನೆಯ ದಿನದ ಮೇಲೂ ಏರುವ ಬಾವು, ಜ್ವರ, ಕೀವು, ಮಾಯದ ಜೋಮು, ಅಲುಗಾಟ—ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೈಹಾಕದೆ ವೈದ್ಯರಲ್ಲಿಗೆ ಹೋಗಬೇಕು.

ದವಡೆ ಮಾಗಿದ ಮೇಲೆ ಮಾವನವರಿಗೆ ಮತ್ತೆ ಇಂಪ್ಲಾಂಟ್ ಹಾಕಿದರು. ಈ ಸಲ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ದಿನವನ್ನೂ ಗುರುತು ಹಾಕುತ್ತ ಬಂದರು. ಕಡಲೆಕಾಯಿಯ ಡಬ್ಬಿ ಅಟ್ಟದ ಮೇಲಿತ್ತು. ವೈದ್ಯರು ಪರೀಕ್ಷಿಸಿ, ಹಲ್ಲು ಕೂರಿಸಿ, ಅಪ್ಪಣೆ ಕೊಟ್ಟ ನಂತರವೇ ಅದು ಕೆಳಗಿಳಿಯಿತು.