ವರ್ತಕರ ನಿಯೋಗ, ವಿಮಾನದ ಟಿಕೆಟ್ ಮತ್ತು ಜಿಎಸ್‌ಟಿ

2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ಚಿಕ್ಕಬಳ್ಳಾಪುರ, ಚಿಂತಾಮಣಿಗಳ ವರ್ತಕರು ನಿಯೋಗವಾಗಿ ದೂರದ ವಸ್ತುಪ್ರದರ್ಶನಗಳಿಗೆ ತೆರಳುವುದು ಸುಲಭವಾಗಿದೆ. ಆದರೆ ಆನ್‌ಲೈನಿನಲ್ಲಿ ಟಿಕೆಟ್ ಕಾಯ್ದಿರಿಸುವವನು ಸಾಮಾನ್ಯವಾಗಿ ಮಗನೋ ಗುಮಾಸ್ತನೋ. ಜಿಎಸ್‌ಟಿ ಸಂಖ್ಯೆಯ ಅಂಕಣವನ್ನು ಖಾಲಿ ಬಿಡುತ್ತಾನೆ. ಎಕಾನಮಿ ದರ್ಜೆಯ ಮೇಲಿನ ಶೇ. 5ರ ತೆರಿಗೆ ಜಮೆಯು ಅಲ್ಲಿಯೇ ಕೈತಪ್ಪುತ್ತದೆ. ಹತ್ತು ಜನರಿಗೆ ಒಬ್ಬರ ಹೆಸರಿನಲ್ಲಿ ಕಾಯ್ದಿರಿಸಿದರೂ ಉಳಿದ ಒಂಬತ್ತು ಸಂಸ್ಥೆಗಳಿಗೆ ಇದೇ ಗತಿ. ಆದುದರಿಂದ ಸಂಸ್ಥೆವಾರು ಕಾಯ್ದಿರಿಸತಕ್ಕದ್ದು. ಬೀಜಕವು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿದೆಯೇ ಎಂದು ನೋಡತಕ್ಕದ್ದು.

ಕಚ್ಚಾ ರೇಷ್ಮೆಯನ್ನಷ್ಟೇ ಮಾರುವ ಶಿಡ್ಲಘಟ್ಟದ ರೀಲರುಗಳಿಗೆ, ಆ ಸರಕು ತೆರಿಗೆಮುಕ್ತವಾದುದರಿಂದ, ಈ ಜಮೆ ದೊರೆಯದು. ತೆರಿಗೆ ತೆರುವ ಗೌರಿಬಿದನೂರಿನ ಕಾರ್ಖಾನೆದಾರರಿಗೆ ದೊರೆಯುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಲ್ಲ. ಮನೆಯವರ ಪ್ರವಾಸದ ಟಿಕೆಟನ್ನು ಇದರೊಳಗೆ ತೂರಿಸುವ ಚಪಲವಂತೂ ಬೇಡ.