ಮೆಚ್ಚಿನ ಸಂಗೀತದ ಹಂಚಿಕೆ

ಕೇಳುಗನೊಬ್ಬನು ತನಗೆ ಪ್ರಿಯವಾದ ಸಂಗೀತವನ್ನು ಮತ್ತೊಬ್ಬ ಕೇಳುಗನಿಗೆ ತಲುಪಿಸುವ ರೂಢಿಯನ್ನು ಸಂಗೀತದ ಹಂಚಿಕೆ ಎನ್ನಬಹುದು. ಒಟ್ಟಿಗೆ ಕುಳಿತು ಕೇಳುವುದು, ಧ್ವನಿಮುದ್ರಿಕೆಯನ್ನು ಎರವಲು ಕೊಡುವುದು, ಕ್ಯಾಸೆಟ್ಟಿಗೆ ನಕಲು ಮಾಡಿಕೊಡುವುದು, ಅಂತರಜಾಲದ ಕೊಂಡಿ ಕಳುಹಿಸುವುದು ಇವೆಲ್ಲ ಅದರ ರೂಪಗಳು. ಚಲನಚಿತ್ರಗೀತೆಗಳಿಗೆ ಇಂತಹ ಹಂಚಿಕೆಯ ಅಗತ್ಯ ಅಷ್ಟಾಗಿ ಇಲ್ಲ. ಅವುಗಳನ್ನು ಮನೆಮನೆಗೆ ಮುಟ್ಟಿಸಲು ರೇಡಿಯೋ, ದೂರದರ್ಶನ, ಮದುವೆಮನೆಯ ಧ್ವನಿವರ್ಧಕಗಳಿವೆ. ಆದರೆ ದೀರ್ಘವಾದ, ಮೊದಲ ಸಲ ಕೇಳಿದಾಗ ಸುಲಭವಾಗಿ ದಕ್ಕದ ಸಂಗೀತವು ಬಹುಮಟ್ಟಿಗೆ ಕೇಳುಗರ ಕೈಯಿಂದ ಕೈಗೆ ಸಾಗಿಯೇ ಬೆಳೆದಿದೆ. ಪಾಶ್ಚಾತ್ಯ ಸಿಂಫನಿ, ಹಿಂದೂಸ್ತಾನಿ ಖ್ಯಾಲ್ ಮತ್ತು 1980ರ ದಶಕದಲ್ಲಿ ರೂಪುಗೊಂಡ ಪ್ರೋಗ್ರೆಸಿವ್ ಮೆಟಲ್ ಈ ವಿಷಯದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಂಚುವ ಸಾಧನದಲ್ಲಿ ಎಷ್ಟು ನಿಮಿಷದ ಸಂಗೀತ ಹಿಡಿಸುತ್ತದೆ ಎಂಬ ಸಣ್ಣ ಸಂಗತಿಯು ಈ ಮೂರರ ಪ್ರಸಾರವನ್ನೂ ಬಹಳವಾಗಿ ನಿರ್ಧರಿಸಿದೆ.

ಧ್ವನಿಮುದ್ರಣಕ್ಕೆ ಮೊದಲು

ಧ್ವನಿಮುದ್ರಣ ಇಲ್ಲದಿದ್ದ ಕಾಲದಲ್ಲಿ ಸಂಗೀತವನ್ನು ಒಯ್ಯಲು ನೆನಪು ಮತ್ತು ಸ್ವರಲಿಪಿ ಎರಡೇ ದಾರಿಗಳಿದ್ದವು. 1770ರಲ್ಲಿ, 14 ವರ್ಷದ ಮೊಜಾರ್ಟ್ ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಮಂದಿರದಲ್ಲಿ ಅಲೆಗ್ರಿಯ 'ಮಿಸೆರೇರೆ' ಎಂಬ ಕೃತಿಯನ್ನು ಕೇಳಿ, ನೆನಪಿನಿಂದಲೇ ಬರೆದಿಟ್ಟುಕೊಂಡನು. ಆ ಕೃತಿಯ ಪ್ರತಿಯನ್ನು ಹೊರಗೆ ಒಯ್ಯುವ ಗಾಯಕರಿಗೆ ಬಹಿಷ್ಕಾರದ ಶಿಕ್ಷೆಯಿತ್ತೆಂದು ಅವನ ತಂದೆ ಲಿಯೋಪೋಲ್ಡ್ ಪತ್ರದಲ್ಲಿ ಬರೆದಿದ್ದಾನೆ. ವಾಸ್ತವದಲ್ಲಿ ಅದರ ಕೆಲವು ಪ್ರತಿಗಳು ಆಗಲೇ ಹೊರಗೆ ಇದ್ದವು. ಆದರೂ ಒಡೆಯನ ಅನುಮತಿಯಿಲ್ಲದೆ ನಡೆದ ಹಂಚಿಕೆಗೆ ಇದಕ್ಕಿಂತ ಸೊಗಸಾದ ಹಳೆಯ ಉದಾಹರಣೆ ಸಿಗುವುದು ಕಷ್ಟ.

ಮೂರು ನಿಮಿಷದ ತಟ್ಟೆ

ನಿಮಿಷಕ್ಕೆ 78 ಸುತ್ತು ತಿರುಗುವ, 10 ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಒಪ್ಪಿಕೊಂಡ ಗೌಹರ್ ಜಾನ್ ರಾಗವೊಂದರ ಸಾರವನ್ನು ಅಷ್ಟರಲ್ಲೇ ಹಿಂಡಿ ಕೊಡುವ ಕಲೆಯನ್ನು ಸಾಧಿಸಿದರು. ಮುದ್ರಣದ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದುದರಿಂದ, ತಟ್ಟೆ ಯಾರ ಕೈ ಸೇರಿದರೂ ಹಾಡಿದವರು ಯಾರೆಂಬುದು ತಿಳಿಯುತ್ತಿತ್ತು. ಬದುಕಿನ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದ ಅವರು 1930ರಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ಯುರೋಪಿನಲ್ಲಿ ಸಿಂಫನಿಗಳ ಪಾಡು ಇನ್ನೂ ಇಕ್ಕಟ್ಟಿನದಾಗಿತ್ತು. 1913ರಲ್ಲಿ ಆರ್ಥರ್ ನಿಕಿಶ್ ನಿರ್ದೇಶನದಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಬೀಥೋವನ್ನನ ಐದನೆಯ ಸಿಂಫನಿಯನ್ನು ಮುದ್ರಿಸಿದಾಗ ಅದಕ್ಕೆ ಎಂಟು ಮುಖಗಳು ಬೇಕಾದವು. ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ಬದಲಾಯಿಸಬೇಕಾದ ಕೇಳುಗನಿಗೆ ಕೃತಿಯ ಒಟ್ಟು ಕಟ್ಟಡ ಎಷ್ಟು ಕಂಡಿದ್ದೀತು!

ಹಾಗೆಂದು ಆ ಮೂರು ನಿಮಿಷಗಳನ್ನು ಹಗುರವಾಗಿ ಕಾಣುವಂತಿಲ್ಲ. ಗದಗದ ಬಾಲಕ ಭೀಮಸೇನ ಜೋಶಿಯವರು ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯನ್ನು ಗ್ರಾಮಫೋನಿನಲ್ಲಿ ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಹೊರಟರು. ಹಲವು ಊರು ಅಲೆದು ಕೊನೆಗೆ ಅವರಿಗೆ ದೊರೆತ ಗುರು ಕುಂದಗೋಳದ ಸವಾಯಿ ಗಂಧರ್ವರು ಅದೇ ಖಾನರ ಶಿಷ್ಯರಾಗಿದ್ದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಯಥಾವತ್ತಾಗಿ ಹಾಡಿ ತೋರಿಸಿ ಹೆಸರಾದರು. ಒಂದೇ ಘರಾಣೆಯ ಮನೆಯೊಳಗೆ ಬೆಳೆದ ಹುಡುಗನಿಗೆ ಅಷ್ಟು ಬಗೆಯ ಕಂಠಗಳು ಕೇಳಿಸುತ್ತಿರಲಿಲ್ಲ. ಅವರು ಮುಂದೆ ಘರಾಣೆಗಳ ಗಡಿಯನ್ನು ಮೀರಿ ತಮ್ಮದೇ ಆದ ದಾರಿಯನ್ನು ಕಂಡುಕೊಂಡುದರಲ್ಲಿ ಈ ತಟ್ಟೆಗಳ ಪಾಲೂ ಇದೆ ಎನ್ನುವುದು ತಪ್ಪಾಗಲಾರದು.

ಎಲ್‌ಪಿ ಮತ್ತು ರಾಕ್ ಸಂಗೀತದ ವಿಸ್ತಾರ

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ತಟ್ಟೆಯನ್ನು ತಂದಿತು. ಒಂದು ಮುಖದಲ್ಲಿ 20 ನಿಮಿಷಕ್ಕೂ ಹೆಚ್ಚು ಸಂಗೀತಕ್ಕೆ ಸ್ಥಳವಾಯಿತು. ಸಿಂಫನಿಗಳಿಗೆ ಇದು ಬಿಡುಗಡೆಯಾದರೆ, ರಾಕ್ ಸಂಗೀತಕ್ಕೆ ಹೊಸ ಆಸೆಯನ್ನು ಹುಟ್ಟಿಸಿತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರೋಗ್ರೆಸಿವ್ ರಾಕ್ ಇಡೀ ಮುಖವನ್ನು ಆವರಿಸುವ ಹಾಡುಗಳನ್ನು ಕಟ್ಟಿತು. ಶಾಸ್ತ್ರೀಯ ಕೃತಿಗಳನ್ನು ಮುಚ್ಚುಮರೆಯಿಲ್ಲದೆ ಎತ್ತಿಕೊಂಡಿತು. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡವು ಮುಸೋರ್ಗ್‌ಸ್ಕಿಯ 'ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್' ಕೃತಿಯನ್ನು 1971ರಲ್ಲಿ ತನ್ನದಾಗಿಸಿಕೊಂಡು ನುಡಿಸಿತು. ಕಿಂಗ್ ಕ್ರಿಮ್ಸನ್ ತಂಡವು ಹೋಲ್ಸ್ಟ್ ರಚಿಸಿದ 'ದಿ ಪ್ಲಾನೆಟ್ಸ್' ಮಾಲೆಯ ಐದು ಎಣಿಕೆಯ 'ಮಾರ್ಸ್' ಭಾಗವನ್ನು ವೇದಿಕೆಗಳಲ್ಲಿ ನುಡಿಸುತ್ತಿತ್ತು. ಇದರಿಂದಾಗಿ, ಸಿಂಫನಿಯ ಸಭಾಂಗಣವನ್ನು ಎಂದೂ ಹೊಕ್ಕಿರದ ಯುವಕರು ರಾಕ್ ತಟ್ಟೆಯ ಮೂಲಕ ಮುಸೋರ್ಗ್‌ಸ್ಕಿಯ ಬಳಿ ಬಂದರು. ಸಂಗೀತಗಾರರೇ ತಮ್ಮ ಮೆಚ್ಚಿನ ಸಂಗೀತವನ್ನು ಹಂಚುವ ಬಗೆ ಇದು.

ಕ್ಯಾಸೆಟ್ಟಿನ ಕಾಲ

ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ಹಂಚಿಕೆಯ ಸ್ವರೂಪವನ್ನೇ ಬದಲಿಸಿತು. ತಟ್ಟೆಯನ್ನು ಎರವಲು ಕೊಟ್ಟರೆ ಕೊಟ್ಟವನ ಬಳಿ ಅದು ಇರುವುದಿಲ್ಲ. ಕ್ಯಾಸೆಟ್ಟಿಗೆ ನಕಲು ಮಾಡಿದರೆ ಇಬ್ಬರ ಬಳಿಯೂ ಇರುತ್ತದೆ. ಸಿ-60 ಕ್ಯಾಸೆಟ್ಟಿನ ಒಂದೊಂದು ಬದಿಗೆ 30 ನಿಮಿಷ, ಸಿ-90ರ ಒಂದೊಂದು ಬದಿಗೆ 45 ನಿಮಿಷ ಹಿಡಿಸುತ್ತಿತ್ತು. ನಕಲಿನ ನಕಲು ತೆಗೆದಂತೆಲ್ಲ ಹಿನ್ನೆಲೆಯ 'ಹಿಸ್' ಸದ್ದು ಏರುತ್ತಾ, ತಾರಸ್ಥಾಯಿಯ ಸ್ಪಷ್ಟತೆ ಕುಂದುತ್ತಿತ್ತು. ಬೇಡದ ನಕಲು ಮೇಲೆ ಬೀಳದಿರಲೆಂದು ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿಯುವುದು, ಮತ್ತೆ ಬೇಕೆನಿಸಿದಾಗ ಆ ಕಂಡಿಗೆ ಅಂಟುಪಟ್ಟಿ ಹಚ್ಚುವುದು ಆ ಕಾಲದ ಎಲ್ಲರಿಗೂ ಗೊತ್ತಿದ್ದ ಉಪಾಯ. 1979ರಲ್ಲಿ ಜಪಾನಿನ ಸೋನಿ ಕಂಪನಿ ತಂದ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನಿಗೆ ಎರಡು ರಂಧ್ರಗಳಿದ್ದವು. ಒಂಟಿಯಾಗಿ ಕೇಳುವ ಯಂತ್ರವೆಂದು ಇಂದು ನಾವು ನೆನೆಯುವ ಆ ಸಾಧನವನ್ನು ಅದರ ನಿರ್ಮಾಪಕರು ಇಬ್ಬರು ಸೇರಿ ಕೇಳಲೆಂದು ರೂಪಿಸಿದ್ದರು.

ಪಾಶ್ಚಾತ್ಯ ದೇಶಗಳಲ್ಲಿ ಕ್ಯಾಸೆಟ್ ವಿನಿಮಯ ಅತ್ಯಂತ ಬಿರುಸಾಗಿ ನಡೆದದ್ದು ಹೆವಿ ಮೆಟಲ್ ಕೇಳುಗರ ನಡುವೆ. ರೇಡಿಯೋ ಕೇಂದ್ರಗಳು ಈ ಕರ್ಕಶ ಸಂಗೀತವನ್ನು ದೂರವಿಟ್ಟಿದ್ದವು. ಅಭಿಮಾನಿಗಳು ಪತ್ರಮುಖೇನ ಪರಿಚಯ ಬೆಳೆಸಿ, ಅಂಚೆಯಲ್ಲಿ ಕ್ಯಾಸೆಟ್ಟುಗಳನ್ನು ಕಳುಹಿಸಿಕೊಳ್ಳುತ್ತಿದ್ದರು. ಮೆಟಾಲಿಕಾ ತಂಡದ 1982ರ 'ನೋ ಲೈಫ್ ಟಿಲ್ ಲೆದರ್' ಎಂಬ ಮಾದರಿ ಕ್ಯಾಸೆಟ್ ಹೀಗೆ ಕೈಯಿಂದ ಕೈಗೆ ಸಾಗಿ ನ್ಯೂಜೆರ್ಸಿಯ ಧ್ವನಿಮುದ್ರಿಕೆ ವ್ಯಾಪಾರಿ ಜಾನ್ ಜಜೂಲಾ ಅವರ ಕಿವಿಗೆ ಬಿತ್ತು. ಮರುವರ್ಷವೇ ತಂಡದ ಮೊದಲ ಆಲ್ಬಮ್ ಅವರ ಮೂಲಕ ಹೊರಬಂದಿತು. ಆ ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಸ್ವತಃ ಕ್ಯಾಸೆಟ್ ವಿನಿಮಯದ ಉತ್ಸಾಹಿಯಾಗಿದ್ದರು. ಈ ಮಾತನ್ನು ಮುಂದಿನ ಭಾಗಕ್ಕಾಗಿ ನೆನಪಿನಲ್ಲಿಡಬೇಕು.

ಪ್ರೋಗ್ರೆಸಿವ್ ಮೆಟಲ್ ಮೊಳೆತದ್ದು ಇದೇ ನೆಲದಲ್ಲಿ. ಹೆವಿ ಮೆಟಲ್ಲಿನ ಗಡುಸಾದ ಗಿಟಾರ್ ನಾದವನ್ನೂ ಪ್ರೋಗ್ರೆಸಿವ್ ರಾಕಿನ ದೀರ್ಘ ಬಂಧವನ್ನೂ ಬೆಸೆದ ಪ್ರಕಾರ ಇದು. ಸಾಮಾನ್ಯ ರಾಕಿನ ನಾಲ್ಕರ ಎಣಿಕೆಯನ್ನು ಬಿಟ್ಟು ಐದು, ಏಳು, ಒಂಬತ್ತರ ಎಣಿಕೆಗಳಲ್ಲಿ ಇದು ನಡೆಯುತ್ತದೆ. ಒಂದೇ ಹಾಡಿನೊಳಗೆ ಎಣಿಕೆ ಪದೇ ಪದೇ ಬದಲಾಗುವುದೂ ಉಂಟು. ಪಾಶ್ಚಾತ್ಯ ಕೇಳುಗನಿಗೆ ತೊಡಕೆನಿಸುವ ಏಳರ ಎಣಿಕೆಯು ಮಿಶ್ರಛಾಪು ತಾಳದಲ್ಲಿ ಕೃತಿಗಳನ್ನು ಕೇಳಿ ಬೆಳೆದವರಿಗೆ ಅಷ್ಟೇನೂ ಹೊಸದಲ್ಲ. ಕೈಯಲ್ಲಿ ಮೂರು–ನಾಲ್ಕು ಎಂದು ತಟ್ಟುತ್ತಾ ಹೋದರೆ ಹಾಡಿನ ನಡೆ ತಾನಾಗಿ ತೆರೆದುಕೊಳ್ಳುತ್ತದೆ. ಕರ್ನಾಟಕ ಸಂಗೀತವನ್ನು ಪ್ರೋಗ್ರೆಸಿವ್ ರಾಕಿನೊಂದಿಗೆ ಬೆಸೆದ ಬೆಂಗಳೂರಿನ ಅಗಮ್, ಮೆಟಲ್ಲಿನೊಂದಿಗೆ ಬೆಸೆದ ಅದೇ ಊರಿನ ಪ್ರಾಜೆಕ್ಟ್ ಮಿಶ್ರಮ್ ತಂಡಗಳು ಈ ನಂಟನ್ನು ಪ್ರಯೋಗದಿಂದಲೇ ತೋರಿಸಿವೆ.

ಈ ಪ್ರಕಾರದ ಅತ್ಯಂತ ಪ್ರಸಿದ್ಧ ತಂಡವಾದ ಡ್ರೀಮ್ ಥಿಯೇಟರ್ ಅನ್ನು ಬೋಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ಮೂವರು ವಿದ್ಯಾರ್ಥಿಗಳು 1985ರಲ್ಲಿ 'ಮೆಜೆಸ್ಟಿ' ಎಂಬ ಹೆಸರಿನಿಂದ ಆರಂಭಿಸಿದರು. 1986ರಲ್ಲಿ ಅವರು ಸಿದ್ಧಪಡಿಸಿದ ಮಾದರಿ ಕ್ಯಾಸೆಟ್ಟಿನ 1,000 ಪ್ರತಿಗಳು ಆರು ತಿಂಗಳೊಳಗೆ ಖರ್ಚಾದವು. ಅಭಿಮಾನಿಗಳು ತೆಗೆದ ನಕಲುಗಳು ಇನ್ನೂ ದೂರ ಸಾಗಿದವು. 1995ರಲ್ಲಿ ಹೊರಬಂದ ಅವರ 'ಎ ಚೇಂಜ್ ಆಫ್ ಸೀಸನ್ಸ್' ಸುಮಾರು 23 ನಿಮಿಷದ ಕೃತಿ. ವರ್ಷಗಳ ಹಿಂದೆಯೇ ರಚಿಸಿ ವೇದಿಕೆಯಲ್ಲಿ ನುಡಿಸಿದ್ದ ಅದನ್ನು ಮುದ್ರಿಸಬೇಕೆಂದು ಅಭಿಮಾನಿಗಳು ಒತ್ತಾಯಿಸಿದ್ದರು. ಅದೇ ಮುದ್ರಿಕೆಯ ಉಳಿದ ಭಾಗದಲ್ಲಿ, ಲಂಡನ್ನಿನಲ್ಲಿ ಅಭಿಮಾನಿಗಳ ಎದುರು ತಂಡವು ನುಡಿಸಿದ ಇತರರ ಹಾಡುಗಳಿವೆ. 1999ರಲ್ಲಿ ತಂಡವನ್ನು ಸೇರಿದ ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ಒಂಬತ್ತನೆಯ ವಯಸ್ಸಿನಲ್ಲಿಯೇ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಶಾಸ್ತ್ರೀಯ ಪಿಯಾನೋ ಅಭ್ಯಾಸಕ್ಕೆ ತೊಡಗಿದವರು.

ನ್ಯಾಪ್‌ಸ್ಟರ್ ವಿವಾದ

1999ರಲ್ಲಿ ಅಮೆರಿಕದ ವಿದ್ಯಾರ್ಥಿ ಶಾನ್ ಫ್ಯಾನಿಂಗ್ ರೂಪಿಸಿದ ನ್ಯಾಪ್‌ಸ್ಟರ್ ತಂತ್ರಾಂಶವು ಒಬ್ಬರ ಗಣಕಯಂತ್ರದಲ್ಲಿರುವ ಎಂಪಿ3 ಕಡತಗಳನ್ನು ಅಪರಿಚಿತರಿಗೂ ತೆರೆದಿಟ್ಟಿತು. ಇಲ್ಲಿ ಪ್ರತಿಯಿಂದ ಪ್ರತಿಗೆ ಧ್ವನಿ ಕುಂದುತ್ತಿರಲಿಲ್ಲ. ಅಂಚೆಗಾಗಿ ಕಾಯಬೇಕಾಗಿಯೂ ಇರಲಿಲ್ಲ. ಇನ್ನೂ ಬಿಡುಗಡೆಯಾಗದ ತಮ್ಮ ಹಾಡೊಂದು ಹೀಗೆ ಹರಿದಾಡುತ್ತಿರುವುದನ್ನು ಕಂಡ ಮೆಟಾಲಿಕಾ ತಂಡವು 2000ದ ಏಪ್ರಿಲ್‌ನಲ್ಲಿ ಮೊಕದ್ದಮೆ ಹೂಡಿ, ಬಳಿಕ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ನ್ಯಾಪ್‌ಸ್ಟರ್‌ಗೆ ಒಪ್ಪಿಸಿತು. ಧ್ವನಿಮುದ್ರಣ ಕಂಪನಿಗಳ ಪ್ರತ್ಯೇಕ ದಾವೆಯೂ ಸೇರಿ 2001ರ ಜುಲೈನಲ್ಲಿ ಆ ಸೇವೆ ನಿಂತುಹೋಯಿತು.

ಕ್ಯಾಸೆಟ್ ವಿನಿಮಯದಿಂದ ಮೇಲೆ ಬಂದ ತಂಡವೇ ಹಂಚಿಕೆಯ ವಿರುದ್ಧ ನಿಂತಿತೆಂದು ಅಭಿಮಾನಿಗಳು ಅಂದು ಕೆರಳಿದರು. ಆಕ್ಷೇಪದಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ಣಸತ್ಯವಲ್ಲ. ಮಾದರಿ ಕ್ಯಾಸೆಟ್ಟನ್ನು ಹಂಚಲೆಂದೇ ತಂಡವು ಬಿಟ್ಟಿತ್ತು. 2000ದ ಹಾಡನ್ನು ಹಾಗೆ ಬಿಟ್ಟಿರಲಿಲ್ಲ. ಒಪ್ಪಿಗೆಯ ಹಂಚಿಕೆಗೆ ಅಮೆರಿಕದಲ್ಲೇ ಬೇರೊಂದು ಮಾದರಿಯಿತ್ತು. ಗ್ರೇಟ್‌ಫುಲ್ ಡೆಡ್ ತಂಡವು 1984ರಿಂದ ತನ್ನ ಕಛೇರಿಗಳಲ್ಲಿ ಧ್ವನಿಮುದ್ರಿಸಿಕೊಳ್ಳುವವರಿಗೆ ಪ್ರತ್ಯೇಕ ಸ್ಥಳವನ್ನೇ ಕಾದಿರಿಸಿತ್ತು.

ಸ್ಟ್ರೀಮಿಂಗ್ ಮತ್ತು ದೀರ್ಘ ಕೃತಿಗಳು

2008ರಲ್ಲಿ ಆರಂಭವಾದ ಸ್ಪಾಟಿಫೈ ಮೊದಲಾದ ಸ್ಟ್ರೀಮಿಂಗ್ ಸೇವೆಗಳಲ್ಲಿ ಹಂಚಿಕೆಯೆಂದರೆ ಕೊಂಡಿಯನ್ನೋ ಹಾಡುಪಟ್ಟಿಯನ್ನೋ ಕಳುಹಿಸುವುದು. ಕಾಲದ ಮಿತಿ ಇಲ್ಲಿ ಮಾಯವಾಯಿತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಒಂದು ಆಲಿಕೆ. ಮೂರು ನಿಮಿಷದ ಹಾಡಿಗೂ ಒಂದೇ, 23 ನಿಮಿಷದ 'ಎ ಚೇಂಜ್ ಆಫ್ ಸೀಸನ್ಸ್' ಕೃತಿಗೂ ಒಂದೇ. ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' 32 ತುಣುಕುಗಳಾಗಿ ಒಡೆದಿರುವುದರಿಂದ ಪೂರ್ತಿ ಕೇಳಿದರೆ 32 ಆಲಿಕೆ. ಒಂದು ಗಂಟೆಯ ದರಬಾರಿ ಕಾನಡಾ ಒಂದೇ ತುಣುಕಾಗಿದ್ದರೆ ಒಂದೇ ಆಲಿಕೆ. 2024ರಿಂದ ವರ್ಷಕ್ಕೆ 1,000 ಆಲಿಕೆ ಮುಟ್ಟದ ಮುದ್ರಣಗಳಿಗೆ ಆ ಸೇವೆ ಗೌರವಧನ ನೀಡುವುದಿಲ್ಲ. ದೀರ್ಘ ಸಂಗೀತವನ್ನು ಕೆಲವೇ ಕೇಳುಗರಿಗಾಗಿ ನುಡಿಸುವವರಿಗೆ ಈ ಲೆಕ್ಕ ನ್ಯಾಯ ಒದಗಿಸುವುದಿಲ್ಲ. ಅಪವಾದಗಳು ಇಲ್ಲದಿಲ್ಲ. 2019ರಲ್ಲಿ ಟೂಲ್ ತಂಡದ, ಹತ್ತು ನಿಮಿಷ ಮೀರಿದ 'ಫಿಯರ್ ಇನಾಕ್ಯುಲಮ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯನ್ನು ಹೊಕ್ಕ ಅಂದಿನವರೆಗಿನ ಅತಿ ದೀರ್ಘ ಹಾಡಾಯಿತು.

ಶಾಸ್ತ್ರೀಯ ಸಂಗೀತಕ್ಕೆ ಇನ್ನೊಂದು ತೊಡಕು ಹೆಸರಿನದು. ಈ ಸೇವೆಗಳ ಮೂಲ ವಿನ್ಯಾಸವು ಹಾಡು, ಕಲಾವಿದ, ಆಲ್ಬಮ್ ಎಂಬ ಮೂರು ಮನೆಗಳದ್ದು. ಸಿಂಫನಿಗೆ ರಚನಕಾರ, ವಾದ್ಯವೃಂದ, ನಿರ್ದೇಶಕ, ಭಾಗದ ಸಂಖ್ಯೆ ಬೇಕು. ಖ್ಯಾಲಿಗೆ ರಾಗ, ತಾಳ, ಬಂದಿಶ್, ತಬಲಾ ಹಾಗೂ ಹಾರ್ಮೋನಿಯಂ ಸಾಥಿಗಳು, ಕಛೇರಿಯ ಸ್ಥಳ ಮತ್ತು ವರ್ಷ ಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕಾಗಿ ಆಪಲ್ ಕಂಪನಿ 2023ರಲ್ಲಿ ಪ್ರತ್ಯೇಕ ಸೇವೆಯನ್ನೇ ತೆರೆಯಬೇಕಾಯಿತು. ಹಾಗಾಗಿ ಶಾಸ್ತ್ರೀಯ ಮುದ್ರಣವನ್ನು ಇನ್ನೊಬ್ಬರಿಗೆ ಕಳುಹಿಸುವವರು ಈ ವಿವರಗಳನ್ನು ಎರಡು ಸಾಲಿನಲ್ಲಿ ಬರೆದು ಜೊತೆಗಿಡುವುದು ಒಳ್ಳೆಯದು. ಹೊಸ ಕೇಳುಗನಿಗೆ ಯಾವ ನಿಮಿಷದಲ್ಲಿ ಏನನ್ನು ಗಮನಿಸಬೇಕೆಂಬ ಸೂಚನೆಯಿದ್ದರೆ ಇನ್ನೂ ಉಪಕಾರ.

ಭಾರತದ ಕಾನೂನು

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ರಚನೆಯ ಹಕ್ಕು ಇದರಿಂದ ಬೇರೆ. ಅದು ಸಾಮಾನ್ಯವಾಗಿ ರಚನಕಾರನ ಮರಣಾನಂತರ 60 ವರ್ಷ ಉಳಿಯುತ್ತದೆ. ವಿದ್ಯಾರ್ಥಿಗಳು ಇವೆರಡನ್ನೂ ಬೆರೆಸಿಕೊಳ್ಳುವುದುಂಟು. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಕೀರ್ತನೆಯನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು ಕಳೆದ ವರ್ಷ ಮುದ್ರಿಸಿದ ಗಾಯಕಿಯ ಮುದ್ರಿಕೆಯನ್ನು ಯಾರು ಬೇಕಾದರೂ ಹಂಚುವಂತಿಲ್ಲ. ಖಾಸಗಿ ಅಥವಾ ವೈಯಕ್ತಿಕ ಬಳಕೆಗೆ 52ನೆಯ ಕಲಮಿನಲ್ಲಿ ನ್ಯಾಯೋಚಿತ ಮಿತಿಯ ವಿನಾಯಿತಿ ಇದೆ.

ಕಛೇರಿಗಳ ಖಾಸಗಿ ಮುದ್ರಣದ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಧ್ವನಿಮುದ್ರಿಸಿಕೊಂಡವನ ಸ್ವಂತ ಬಳಕೆಗೆ ಅಥವಾ ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆ ಮಾಡಿದ ಮುದ್ರಣವು ಕಲಾವಿದರ ಹಕ್ಕಿಗೆ ಭಂಗವಲ್ಲವೆಂದು 39ನೆಯ ಕಲಮು ಹೇಳುತ್ತದೆ. ಅದನ್ನು ಇತರರಿಗೆ ಹಂಚುವುದು ಈ ರಕ್ಷಣೆಯೊಳಗೆ ಬರುವುದಿಲ್ಲ. ರಸಿಕರು ಮನೆಯ ಬೈಠಕ್ಕುಗಳಲ್ಲಿ, ಉತ್ಸವಗಳ ಮುಂದಿನ ಸಾಲಿನಲ್ಲಿ ಕುಳಿತು ತುಂಬಿಸಿಕೊಂಡ ಕ್ಯಾಸೆಟ್ಟುಗಳು ಮಾತ್ರ ಬಹುಪಾಲು ಈ ಅಡ್ಡಗೋಡೆಯ ಮೇಲೆಯೇ ಇವೆ. ಕಲಾವಿದರು ಎಲ್‌ಪಿಗೆ ಎಂದೂ ಹಾಡದ ರಾಗಗಳು ಕೆಲವೊಮ್ಮೆ ಅಂತಹ ಕ್ಯಾಸೆಟ್ಟಿನಲ್ಲಿ ಮಾತ್ರ ಸಿಗುತ್ತವೆ. ಕಾಂತಪಟ್ಟಿಯ ಲೇಪನ ಕಾಲಕ್ರಮದಲ್ಲಿ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ, ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಚ್ಚೊತ್ತಿಕೊಳ್ಳುತ್ತದೆ. ಆದ್ದರಿಂದ ಇವುಗಳನ್ನು ಡಿಜಿಟಲ್ ರೂಪಕ್ಕೆ ತಂದು, ಕಲಾವಿದರ ಅಥವಾ ಅವರ ವಾರಸುದಾರರ ಒಪ್ಪಿಗೆ ಪಡೆದು, ದೆಹಲಿಯ ಬಳಿ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತ ಸಂಗ್ರಹ ಮತ್ತು ಸಂಶೋಧನಾ ಕೇಂದ್ರದಂತಹ ಧ್ವನಿಭಂಡಾರಗಳಿಗೆ ಒಪ್ಪಿಸುವ ಮಾರ್ಗವಿದೆ. 1982ರಲ್ಲಿ ಸ್ಥಾಪನೆಯಾದ ಆ ಕೇಂದ್ರವು ಸಂಶೋಧಕರು ಮತ್ತು ಸಂಗ್ರಾಹಕರು ಒಪ್ಪಿಸಿದ ಧ್ವನಿಮುದ್ರಣಗಳನ್ನು ಕಾಪಾಡಿ, ಆಸಕ್ತರಿಗೆ ಅಭ್ಯಾಸಕ್ಕಾಗಿ ಒದಗಿಸುತ್ತದೆ.